ಎರಡೂ ಕಡೆ ಚಿಲಕ

"ಇದೂ ಟೊಳ್ಳು," ಎಂದಳು ಅಕ್ಕ. ಕುಕ್ಕರಗಾಲಲ್ಲಿ ಕೂತು ಹೊಸ ಫ್ಲ್ಯಾಟಿನ ಮಲಗುವ ಕೋಣೆಯ ಟೈಲ್ಸನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟುತ್ತ ಗೋಡೆಯವರೆಗೆ ಬಂದಿದ್ದಳು. ಸೂಪರ್‌ವೈಸರ್ ಹೊಟ್ಟೆ ಸಂಭಾಳಿಸಿಕೊಂಡು ಬಗ್ಗಿ, ತಾನೂ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿದಂತೆ ಮಾಡಿ, "ಸೆಟ್ ಆಗುತ್ತೆ ಮೇಡಂ" ಎಂದ.

ಬೆಳಿಗ್ಗೆಯಿಂದ ಅವನ ಬಾಯಲ್ಲಿ ಬಂದ ಮಾತು ಅದೊಂದೇ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದರೆ ಅದು ಜಾಲರಿಯ ಕಡೆ ಹೋಗದೆ ಬಾಗಿಲ ಕಡೆ ಬಂದು ಇಬ್ಬರ ಚಪ್ಪಲಿಯನ್ನೂ ತೋಯಿಸಿತ್ತು. ಅದೂ ಸೆಟ್ ಆಗುತ್ತಂತೆ. ಅಡುಗೆಮನೆಯ ಕಿಟಕಿ ಸರಿಸುವುದಕ್ಕೆ ಎರಡು ಕೈ ಸಾಲದೆ ಭುಜವನ್ನೂ ಕೊಡಬೇಕಾಯಿತು. ಅದೂ ಸೆಟ್ ಆಗುತ್ತಂತೆ. ಮನೆಯೊಳಗೆ ಸಂಸಾರ ಬಂದು ಕೂತರೆ ನೆಲ, ನೀರು, ಕಿಟಕಿ ಎಲ್ಲವೂ ತಾವಾಗಿ ಬುದ್ಧಿ ಕಲಿಯುತ್ತವೆ ಎಂದು ಅವನು ನಂಬಿದ್ದ ಹಾಗಿತ್ತು. ಅಕ್ಕ ವಾದಿಸಲಿಲ್ಲ. ನೀಲಿ ಸೀಮೆಸುಣ್ಣದಲ್ಲಿ ಆ ಜಾಗಕ್ಕೊಂದು ಕತ್ತರಿ ಗುರುತು ಹಾಕಿ ಮುಂದಕ್ಕೆ ಸರಿದಳು. ಮೊಸರಲ್ಲಿ ಕಲ್ಲು ಹುಡುಕುವ ಹೆಂಗಸು ಎಂದು ಅವನು ಮನಸ್ಸಿನಲ್ಲಿ ಅಂದುಕೊಂಡದ್ದು ಮುಖದ ಮೇಲೇ ಕಾಣುತ್ತಿತ್ತು.

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ತೋಳು ದಪ್ಪಗಿದ್ದು ನರ ಸಿಗದವರನ್ನೆಲ್ಲ ಅವಳ ಹತ್ತಿರವೇ ಕಳಿಸುತ್ತಿದ್ದರು. ರೋಗಿಗಳು, ಆಯಾಗಳು, ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದ ಡಾಕ್ಟರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಅಕ್ಕನಾದವಳಿಗೆ ಹಾಗೆ ಕರೆಯುವ ನಿಜವಾದ ಹಕ್ಕುದಾರಳು ಇದ್ದದ್ದು ಒಬ್ಬಳೇ, ಬೆನ್ನಿಗೆ ಹುಟ್ಟಿದ ತಂಗಿ. ಅವಳು ಕರೆದು ವರ್ಷದ ಮೇಲಾಗಿತ್ತು.

ಹಾಲ್‌ನ ಬಲಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು. ಮನೆಯ ಮೂಲೆಮೂಲೆ ತಟ್ಟಿ ನೋಡಿದವಳು ಅದರ ಹತ್ತಿರ ಮಾತ್ರ ಇನ್ನೂ ಹೋಗಿರಲಿಲ್ಲ. ಅದು ಹೊರಗೆ ಹೋಗುವ ಬಾಗಿಲಲ್ಲ, ಪಕ್ಕದ ಮನೆಗೆ ಹೋಗುವುದು. ಪಕ್ಕದ ಮನೆ ತಂಗಿಯದು.

ಮನೆ ಕಾಯ್ದಿರಿಸಿದ ಕಾಲಕ್ಕೆ ಅಕ್ಕತಂಗಿಯರು ಒಂದೇ ಜೀವ ಎರಡು ದೇಹ ಎನ್ನುವಂತಿದ್ದರು. ಅಕ್ಕ ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ತಂಗಿ ಶಾಲೆಯಲ್ಲಿ ಟೀಚರು, ಅವಳ ಗಂಡನದು ಊರೂರು ತಿರುಗುವ ಕೆಲಸ. ತಂಗಿಗೆ ಒಬ್ಬಳೇ ಮಗಳು. ಆ ಹುಡುಗಿ ಬೆಳೆದದ್ದೇ ಇಬ್ಬರ ಹಳೆಯ ಮನೆಗಳ ನಡುವೆ. ಊಟ ಅಮ್ಮನ ಮನೆಯಲ್ಲಾದರೆ ನಿದ್ದೆ ದೊಡ್ಡಮ್ಮನ ಮನೆಯಲ್ಲಿ. ಜ್ವರ ಬಂದರೆ ಇಬ್ಬರೂ ಬೇಕು. ಅವಳ ಓಡಾಟಕ್ಕೆಂದೇ ಇಬ್ಬರೂ ಬಿಲ್ಡರ್‌ಗೆ ದುಂಬಾಲು ಬಿದ್ದು ನಡುಗೋಡೆಯಲ್ಲಿ ಬಾಗಿಲು ಬಿಡಿಸಿದ್ದರು. ಎರಡೂ ಕಡೆ ಚಿಲಕ ಇರಲಿ, ಇಲ್ಲದಿದ್ದರೆ ಅಕ್ಕ ಬಂದು ನನ್ನ ತಿಂಡಿ ಡಬ್ಬಗಳನ್ನೆಲ್ಲ ಖಾಲಿ ಮಾಡುತ್ತಾಳೆ ಎಂದು ತಂಗಿ ಆವತ್ತು ನಗೆಯಾಡಿದ್ದು ಸೂಪರ್‌ವೈಸರ್‌ಗೆ ಚೆನ್ನಾಗಿ ನೆನಪಿತ್ತು. ಆಮೇಲೆ ನಡೆದದ್ದು ಅವನಿಗೇನೂ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದು ಇಷ್ಟು. ಹುಡುಗಿ ಎಂಜಿನಿಯರಿಂಗ್ ಸೇರಿದ ಕೆಲವೇ ದಿನಕ್ಕೆ ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟು ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದಳು. ಇದನ್ನು ಅವಳು ಹೇಳಿದ್ದು ದೊಡ್ಡಮ್ಮನೊಬ್ಬಳಿಗೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದು ಕೈ ಹಿಡಿದು ಕೇಳಿಕೊಂಡಳು. ಅವಳು ಹೇಳಲಿಲ್ಲ, ಅಕ್ಕನೂ ಬಾಯಿ ಬಿಡಲಿಲ್ಲ, ತಿಂಗಳುಗಳು ಉರುಳಿದವು. ಕೊನೆಗೆ ತಂಗಿಗೆ ವಿಷಯ ತಿಳಿದದ್ದು ಕಾಲೇಜಿನ ಆಫೀಸಿನಲ್ಲಿ, ಹತ್ತು ಜನರ ಎದುರು, ಗುಮಾಸ್ತನ ಬಾಯಿಂದ. ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತೆಂದು ಮಗಳು ಫೋನಿನಲ್ಲಿ ಒಪ್ಪಿಕೊಂಡದ್ದೇ ತಡ, ಅಲ್ಲಿಂದ ನೇರ ಅಕ್ಕನ ಮನೆಗೆ ಬಂದವಳು ಹೊಸ್ತಿಲು ದಾಟದೆ ಹೊರಗೇ ನಿಂತು, "ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ" ಎಂದಳು. ಹೆತ್ತವಳಿಗೆ ಹೇಳಲು ಮಗಳು ಯಾಕೆ ಹೆದರಿದಳು ಅಂತ ಹೋಗಿ ಯೋಚನೆ ಮಾಡು ಎಂದು ಅಕ್ಕನೂ ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ಈಗ ಬೇರೆ ಊರಲ್ಲಿ ತನಗೆ ಬೇಕಾದ ಓದು ಓದಿಕೊಂಡು ಸುಖವಾಗಿದ್ದಾಳೆ. ಇಬ್ಬರಿಗೂ ಫೋನು ಮಾಡುತ್ತಾಳೆ, ಒಬ್ಬರ ಸುದ್ದಿ ಇನ್ನೊಬ್ಬರ ಹತ್ತಿರ ಎತ್ತುವುದಿಲ್ಲ.

ಮನೆಗಳನ್ನು ಬಿಟ್ಟುಕೊಡಲು ಇಬ್ಬರಿಗೂ ಸಾಧ್ಯವಿರಲಿಲ್ಲ. ಬಾಗಿಲು ಬೇಡವೆಂದು ಇನ್ನೊಬ್ಬಳೇ ಮೊದಲು ಹೇಳಲಿ ಎಂದು ಇಬ್ಬರೂ ಕಾದರು, ಅಷ್ಟರಲ್ಲಿ ಬಾಗಿಲು ತನ್ನ ಪಾಡಿಗೆ ತಾನು ಎದ್ದು ನಿಂತಿತು. ಗಾರೆ ಕೆಲಸದವರು ಈ ವಾರ ಈ ಕಟ್ಟಡ ಬಿಟ್ಟು ಹೋಗುತ್ತಾರೆ, ಏನು ಬದಲಾವಣೆಯಿದ್ದರೂ ಇವತ್ತೇ ಹೇಳಬೇಕು ಎಂದು ಸೂಪರ್‌ವೈಸರ್ ಮೊದಲೇ ತಿಳಿಸಿದ್ದ. ನಡುಗೋಡೆಯ ವಿಷಯದಲ್ಲಿ ಕಂಪನಿಯ ನಿಯಮ ಸರಳ. ಬಾಗಿಲು ಉಳಿಯಬೇಕಾದರೆ ಇಬ್ಬರೂ ಒಪ್ಪಬೇಕು. ಒಬ್ಬರು ಬೇಡ ಎಂದರೂ ಇಟ್ಟಿಗೆ ಕಟ್ಟಿ ಮುಚ್ಚಿಬಿಡುತ್ತಾರೆ. ಅಕ್ಕ ಮುಚ್ಚಿಸುವ ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಬೇಡ ಅನ್ನಿಸಿಕೊಳ್ಳುವುದಕ್ಕಿಂತ ಬೇಡ ಅನ್ನುವುದು ವಾಸಿ. ಆದರೂ ಬೆಳಿಗ್ಗೆಯಿಂದ ಟೈಲ್ಸು, ನಲ್ಲಿ, ಸ್ವಿಚ್ಚು ಎಂದು ಸುತ್ತಿದ್ದೇ ಸುತ್ತಿದ್ದು, ಆ ಮಾತು ಮಾತ್ರ ಬಾಯಿಗೆ ಬಂದಿರಲಿಲ್ಲ.

ಪಕ್ಕದ ಮನೆಯಲ್ಲಿ ಬೀಗ ತೆಗೆದ ಸದ್ದಾಯಿತು. ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ಆ ನಡಿಗೆಯನ್ನು ಅಕ್ಕ ನಿದ್ದೆಯಲ್ಲೂ ಗುರುತಿಸುತ್ತಿದ್ದಳು. ಸೂಪರ್‌ವೈಸರ್ ಮುಖ ಅರಳಿತು. ಇಬ್ಬರೂ ಒಟ್ಟಿಗೆ ಸಿಕ್ಕಿದಿರಿ, ನಡುಬಾಗಿಲನ್ನು ಒಂದೇ ಸಲ ನೋಡಿ ಮುಗಿಸಿಬಿಡಬಹುದು ಎಂದು ಅಕ್ಕನ ಉತ್ತರಕ್ಕೂ ಕಾಯದೆ ಹೋಗಿ ಬಾಗಿಲು ನೂಕಿದ. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ಹಸಿ ಗೋಡೆಯ ತೇವಕ್ಕೆ ಮರ ಉಬ್ಬಿಕೊಂಡಿತ್ತು. ಮೇಲೆ ಸ್ವಲ್ಪ ಉಜ್ಜಿಸಿದರೆ ಸರಿಹೋಗುತ್ತೆ ಎನ್ನುತ್ತ ಅವನು ಭುಜ ಕೊಟ್ಟು ನೂಕಿದ. ಬಾಗಿಲು ಗಕ್ಕನೆ ತೆರೆದುಕೊಂಡು ಅವನು ಮುಗ್ಗರಿಸಿ ಪಕ್ಕದ ಮನೆಯೊಳಗೆ ಹೋಗಿ ನಿಂತ.

ತಂಗಿ ಎದುರಿಗೇ ಇದ್ದಳು. ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಬೈತಲೆಯ ಎರಡೂ ಕಡೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ತನಗಿಂತ ಚಿಕ್ಕವಳು ಅಕ್ಕನ ಕಣ್ಣಿಗೆ ತನಗಿಂತ ದೊಡ್ಡವಳಂತೆ ಕಂಡಳು. ತಂಗಿ ಕಣ್ಣು ಕೆಳಗೆ ಹಾಕಿ ಬಾಗಿಲಿನ ಚೌಕಟ್ಟು ನೋಡತೊಡಗಿದಳು.

ಸೂಪರ್‌ವೈಸರ್ ಈ ಕಡೆಗೆ ಬಂದು ಬಾಗಿಲನ್ನು ಮತ್ತೆ ಎಳೆದು ಮುಚ್ಚಿದ. ಒಬ್ಬರು ಚಿಲಕ ಹಾಕಿ, ಇನ್ನೊಬ್ಬರು ತೆರೆಯಲು ನೋಡಿ, ಹಾಗೇ ಅದಲು ಬದಲು ಮಾಡಿ ಎಂದು ಪಾಠ ಹೇಳಿಕೊಡುತ್ತಿರುವಾಗ ಅವನ ಫೋನು ಬಡಿದುಕೊಂಡಿತು. ಕೆಳಗೆ ಲಿಫ್ಟಿನವರು ಬಂದಿದ್ದರಂತೆ. ನೀವು ನೋಡ್ತಿರಿ, ಈಗ ಬಂದೆ ಎಂದು ಹೊರಟೇ ಹೋದ.

ಎರಡು ಖಾಲಿ ಮನೆಗಳ ನಡುವೆ ಮುಚ್ಚಿದ ಬಾಗಿಲು. ಅತ್ತ ಒಬ್ಬಳು, ಇತ್ತ ಒಬ್ಬಳು.

"ಚಿಲಕ ಹಾಕಿದೀನಿ. ತಳ್ಳಿ ನೋಡು," ಎಂದಳು ತಂಗಿ ಆ ಕಡೆಯಿಂದ. 'ಅಕ್ಕ' ಎಂದು ಕರೆಯಲಿಲ್ಲ.

ಅಕ್ಕ ತಳ್ಳಿದಳು. "ಅಲ್ಲಾಡ್ತಿಲ್ಲ."

ತಂಗಿ ತನ್ನದನ್ನು ತೆಗೆದಳು, ಅಕ್ಕ ಹಾಕಿದಳು, ತಂಗಿ ಎಳೆದಳು. ಅದೂ ಅಲ್ಲಾಡಲಿಲ್ಲ. ಅಕ್ಕ ತನ್ನದನ್ನೂ ತೆಗೆದಳು. ಅಲ್ಲಿಗೆ ಕೆಲಸ ಮುಗಿಯಿತು. ಇಬ್ಬರೂ ತಂತಮ್ಮ ಅಡುಗೆಮನೆ ನೋಡಲು ಹೋಗಬಹುದಿತ್ತು. ಯಾರೂ ಹೋಗಲಿಲ್ಲ.

"ಮುಚ್ಚಿಸ್ತೀಯಾ ಇದನ್ನ?" ಎಂದು ತಂಗಿ ಕೇಳಿದಳು.

"ಅದಕ್ಕೇ ಬಂದೆ. ನೀನು?"

"ನಾನೂ ಅದಕ್ಕೇ ಬಂದೆ."

ಇಬ್ಬರದೂ ಒಂದೇ ಮಾತಾದ ಮೇಲೆ ಹಾವೂ ಸತ್ತು ಕೋಲೂ ಮುರಿಯದೆ ಕೆಲಸವಾದಂತೆಯೇ. ನೆಮ್ಮದಿಯಾಗಬೇಕಿತ್ತು. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ತಂಗಿ ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಬಂದಿದ್ದಳು, ಕಿವಿಯಿಂದ ಕೇಳಿದಾಗ ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

"ಅವಳು ನಿನಗೆ ಹೇಳಿದ್ಲು ಅಂತ ನನಗೆ ಸಿಟ್ಟಿಲ್ಲ," ಎಂದಳು ತಂಗಿ. ದನಿ ಹತ್ತಿರದಿಂದಲೇ ಬರುತ್ತಿತ್ತು. "ಚಿಕ್ಕೋಳಿದ್ದಾಗಿಂದ ನಿನ್ನ ಹತ್ರಾನೇ ಹೇಳ್ಕೊಳ್ತಿದ್ಲು. ಆದ್ರೆ ನಾನು ದಿನಾ ಬೆಳಿಗ್ಗೆ ಎದ್ದು ಅವಳಿಗೆ ಡಬ್ಬಿ ಕಟ್ಟಿ ಕಾಲೇಜಿಗೆ ಅಂತ ಕಳಿಸ್ತಿದ್ದೆ. ಅವಳು ಎಲ್ಲಿಗೆ ಹೋಗ್ತಾಳೆ ಅಂತ ನಿನಗೆ ಗೊತ್ತಿತ್ತು. ಸಂಜೆ ಬಂದು ನನ್ನ ಜೊತೆ ಕೂತು ಟೀ ಕುಡೀತಿದ್ದೆ ನೀನು."

ಒಂದು ವರ್ಷ ಅಕ್ಕ ಆ ಜಗಳವನ್ನು ಮನಸ್ಸಿನಲ್ಲಿ ಎಷ್ಟು ಸಲ ಆಡಿದ್ದಳೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಸ್ತಿಲ ಹೊರಗೆ ನಿಂತು ತಂಗಿ ಆಡಿದ ಆ ಒಂದು ಮಾತಿಗೇ ಬಂದು ನಿಲ್ಲುತ್ತಿತ್ತು. ಡಬ್ಬಿಯ ಯೋಚನೆ ಅವಳಿಗೆ ಒಂದು ದಿನವೂ ಬಂದಿರಲಿಲ್ಲ.

"ಹೇಳ್ಬೇಕಿತ್ತು ನಾನು," ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಮುಚ್ಚಿದ ಬಾಗಿಲಿನ ಮುಂದೆ ನಾಚಿಕೆ ಕಡಿಮೆ. "ಮೊದಲನೇ ವಾರದಲ್ಲೇ ಹೇಳ್ಬೇಕಿತ್ತು. ಅವಳು ಮಾತು ತಗೊಂಡಿದ್ಲು ಅಂತ ಸುಮ್ಮನಿದ್ದೆ ಅನ್ನೋದೆಲ್ಲ ಆಮೇಲೆ ಹೇಳ್ಕೊಂಡಿದ್ದು. ನಿಜ ಹೇಳ್ಲಾ? ನಿನಗೆ ಹೇಳದೇ ಇರೋದನ್ನ ನನಗೆ ಹೇಳಿದ್ಲಲ್ಲ, ಅದೇ ಒಂಥರಾ ಖುಷಿಯಾಗಿತ್ತು."

ಕೆಳಗೆಲ್ಲೋ ಕಬ್ಬಿಣ ಬಡಿಯುತ್ತಿದ್ದರು. ಹೇಳಬಾರದ್ದನ್ನು ಹೇಳಿ ಇದ್ದದ್ದನ್ನೂ ಕಳೆದುಕೊಂಡೆನೇನೋ ಎಂದು ಅಕ್ಕನಿಗೆ ಭಯವಾಯಿತು.

"ಗೊತ್ತಿತ್ತು ನನಗೆ," ಎಂದಳು ತಂಗಿ. "ನೀನು ಬಾಯಿಬಿಟ್ಟು ಹೇಳ್ತೀಯ ಅಂತ ಮಾತ್ರ ಅಂದ್ಕೊಂಡಿರಲಿಲ್ಲ." "ಆವತ್ತು ನಾನು ಆಡಿದ್ದೂ ಆಡೋ ಮಾತಲ್ಲ. ಆಡಿ ಮನೆಗೆ ಹೋಗೋ ದಾರೀಲೇ ಗೊತ್ತಾಯ್ತು. ಆದ್ರೆ ಸಿಟ್ಟು ಇನ್ನೂ ಇದೆ. ಇಲ್ಲ ಅಂತ ಸುಳ್ಳು ಹೇಳಲ್ಲ."

"ಹೇಳ್ಬೇಡ," ಎಂದಳು ಅಕ್ಕ.

ಸೂಪರ್‌ವೈಸರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಲಿಫ್ಟು ಇನ್ನೂ ಸೆಟ್ ಆಗಿರಲಿಲ್ಲ. ಚಿಲಕಗಳು ಗಟ್ಟಿಯಾಗಿವೆ ಎಂದು ಕೇಳಿ ಸಂತೋಷಪಟ್ಟು, ಬಾಗಿಲ ವಿಷಯದಲ್ಲಿ ಬೇರೇನಾದರೂ ಇದೆಯೇ, ಗಾರೆಯವರು ಇನ್ನರ್ಧ ಗಂಟೆಯಲ್ಲಿ ಹೊರಡುತ್ತಾರೆ ಎಂದ.

"ನನ್ನ ಕಡೆಯಿಂದ ಬಾಗಿಲು ಇರಲಿ," ಎಂದಳು ಅಕ್ಕ. "ಆ ಕಡೆ ಕೇಳ್ಕೊಂಡು ಬನ್ನಿ."

ಕೂಗಿದರೆ ಕೇಳುವಷ್ಟು ಹತ್ತಿರವಿದ್ದರೂ ಅವನು ಮರ್ಯಾದಸ್ಥನಂತೆ ಹೊರಗಿನಿಂದ ಸುತ್ತಿಕೊಂಡು ಹೋದ. ಬಾಗಿಲು ಮುಚ್ಚಲು ತಂಗಿಯ ಒಂದು 'ಬೇಡ' ಸಾಕಿತ್ತು. ಮೂವತ್ತು ವರ್ಷ ಬೇರೆಯವರ ರಿಪೋರ್ಟುಗಳನ್ನು ಕೈಗಿಡುತ್ತ ಬಂದ ಅಕ್ಕ, ಹೊರಗಿನ ಬೆಂಚಿನಲ್ಲಿ ಕೂತವರಿಗೆ ಹೇಗಿರುತ್ತದೆಂದು ಈಗ ತಿಳಿದುಕೊಂಡಳು.

ಅವನು ತಲೆ ಕೆರೆದುಕೊಳ್ಳುತ್ತ ಬಂದ. "ಇರಲಿ ಅಂದ್ರು ಮೇಡಂ. ಆದ್ರೆ ಅವರ ಕಡೆ ಚಿಲಕ ಹಾಕೇ ಇಟ್ಕೋತಾರಂತೆ. ಸದ್ಯಕ್ಕೆ ಅಂದ್ರು." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತಿನ ತಲೆಬುಡ ಅವನಿಗೆ ತಿಳಿಯಲಿಲ್ಲ. ಹಾಕೇ ಇಡುವುದಾದರೆ ಬಾಗಿಲೇಕೆ ಎಂದು ಅವನು ಗೊಣಗುತ್ತಿರುವಾಗಲೇ ಆ ಕಡೆ ಚಿಲಕ ಹಾಕಿಕೊಂಡ ಸದ್ದು ಸ್ಪಷ್ಟವಾಗಿ ಕೇಳಿತು.

ಅಕ್ಕ ತನ್ನ ಕಡೆಯ ಚಿಲಕವನ್ನು ನೋಡಿದಳು. ಹೊಸ ಹಿತ್ತಾಳೆ, ಸುತ್ತಿದ ಪ್ಲಾಸ್ಟಿಕ್ ಕೂಡ ಪೂರ್ತಿ ತೆಗೆದಿರಲಿಲ್ಲ.

"ಇದನ್ನ ಬಿಚ್ಚಿಬಿಡಿ," ಎಂದಳು.

ಅವನಿಗೆ ತಾನು ಕೇಳಿದ್ದೇ ನಂಬಿಕೆಯಾಗಲಿಲ್ಲ. ಹೀಗೆ ಮಾಡಿದರೆ ಅವರು ಯಾವಾಗ ಬೇಕಾದರೂ ನಿಮ್ಮ ಮನೆಗೆ ಬರಬಹುದು, ನೀವು ಮಾತ್ರ ಹೋಗುವ ಹಾಗಿಲ್ಲ, ಇದ್ಯಾವ ನ್ಯಾಯ ಎಂದು ತಿಳಿಹೇಳಿದ. ಬೆಳಿಗ್ಗೆಯಿಂದ ಮೊದಲ ಸಲ ಅವನು ಯಾವುದನ್ನೂ ಸೆಟ್ ಆಗುತ್ತೆ ಎನ್ನಲಿಲ್ಲ.

"ಅವಳು ತೆಗೆದ ದಿನ ಬಾಗಿಲು ತೆರ್ಕೋಬೇಕಲ್ಲ," ಎಂದಳು ಅಕ್ಕ. "ನಾನು ಊರಲ್ಲಿಲ್ಲದೆ ಇರಬಹುದು, ಬಚ್ಚಲಲ್ಲಿರಬಹುದು, ಮಲಗಿರಬಹುದು. ನನ್ನ ಕಡೆ ಏನೂ ಅಡ್ಡ ಇರೋದು ಬೇಡ."

ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿದ. ಹೊಸ ಮರದಲ್ಲಿ ಬಿಗಿಯಾಗಿ ಕೂತಿದ್ದ ತಿರುಪು ಕಿರ್ರೆಂದು ಕೂಗಿ ಒಂದು ಸುತ್ತು ಸಡಿಲವಾಯಿತು. ಬಾಗಿಲ ಕೆಳಗಿನ ಸಂದಿನಲ್ಲಿ ಪಕ್ಕದ ಮನೆಯ ಬೆಳಕು ಪಟ್ಟಿಯಾಗಿ ಬಿದ್ದಿತ್ತು, ಅದರಲ್ಲಿ ಎರಡು ಪಾದಗಳ ನೆರಳಿತ್ತು. ಚಿಲಕ ಹಾಕಿ ಆಗಿತ್ತು, ನೋಡಬೇಕಾದ ಕೋಣೆಗಳಿನ್ನೂ ಇದ್ದವು, ಆ ಪಾದಗಳು ಮಾತ್ರ ಅಲ್ಲಿಂದ ಕದಲಲಿಲ್ಲ. ತಿರುಪು ಮತ್ತೆ ಕೂಗಿತು.

"ನಿಧಾನವಾಗಿ ತೆಗೀರಿ," ಎಂದಳು ಅಕ್ಕ ಮೆಲ್ಲಗೆ. "ಅವಸರ ಏನಿಲ್ಲ."