ಅಡ್ಡ ಹಾಕಿದ ಎಳೆ

ನಮ್ಮ ಮುಖ್ಯಸ್ಥರಿಗೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ತಂಗಿಗೆ ಇರುವುದು ಒಂದೇ. ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ನಾನು.

ನಮ್ಮ ಲ್ಯಾಬಿನಲ್ಲಿ ಕಾರ್ಬನ್ ನೂಲಿನ ಪದರಗಳನ್ನು ಅಂಟಿನಲ್ಲಿ ಒತ್ತಿ ಕೃತಕ ಪಾದ ಮಾಡುತ್ತೇವೆ. ಈ ಸಲ ಒಳಗೆ ಕೂದಲಿನಂಥ ಗಾಜಿನ ಎಳೆಗಳನ್ನೂ, ಅಂದರೆ ಆಪ್ಟಿಕಲ್ ಫೈಬರ್, ಹುದುಗಿಸಿದೆವು. ಪಾದದ ಮೇಲೆ ಎಷ್ಟು ಭಾರ ಬಿತ್ತೆಂದು ಆ ಎಳೆಗಳಲ್ಲಿ ಹರಿಯುವ ಬೆಳಕು ಹೇಳುತ್ತದೆ. ನಾಳೆ ಲ್ಯಾಬ್ ನೋಡಲು ಬರುವ ಅತಿಥಿಗಳೆದುರು ಆ ಪಾದ ತೊಟ್ಟು ನಡೆಯಬೇಕಾದವಳು ತಂಗಿ.

"ಎಳೆ ಉದ್ದಕ್ಕೆ ಇರ್ಲಿ ಸರ್, ನೂಲಿನ ಜೊತೆ ಜೊತೆಗೇ," ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಅಡ್ಡ ಹಾಕಿದರೆ ಚಾಪೆಯ ಕೆಳಗೆ ಕೋಲಿಟ್ಟ ಹಾಗೆ. ನೂಲು ಅದರ ಮೇಲೆ ಹತ್ತಿ ಇಳಿಯುತ್ತದೆ, ಅಕ್ಕಪಕ್ಕದ ಸಂದಿಯಲ್ಲಿ ಬರೀ ಅಂಟು ನಿಲ್ಲುತ್ತದೆ. ಬಿರುಕು ಹುಟ್ಟುವುದೇ ಅಲ್ಲಿ.

"ಅಡ್ಡ ಹಾಕಿದ್ರೆ ವೈರು ಪಕ್ಕದಿಂದ ಬರುತ್ತೆ, ನೋಡೋಕೂ ಲಕ್ಷಣ. ಕೂದಲೆಳೆಗೆಲ್ಲ ಪಾದ ಮುರಿಯುತ್ತೇನಮ್ಮ?" ಎಂದವರು ಪದರ ಪದರಕ್ಕೂ ಒಂದೊಂದು ಅಡ್ಡ ಎಳೆ ಹಾಕಿಸಿದರು, ಅದೂ ಪಾದ ಬಾಗುವ ಜಾಗದಲ್ಲೇ! ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೇ ತಲೆ ಚಿಟ್ಟು ಹಿಡಿಯಿತು.

ಪರೀಕ್ಷೆಗೆಂದು ಅದೇ ಥರ ಮಾಡಿದ್ದ ಇನ್ನೊಂದು ಪಾದವನ್ನು ಇವತ್ತು ಒತ್ತಿ ಬಾಗಿಸುವ ಯಂತ್ರಕ್ಕೆ ಕೊಟ್ಟೆ. ಅಳತೆಗೆಂದು ಬಂದ ತಂಗಿ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಎಳೆಯಿಲ್ಲದ ಪಾದ ದಿನವಿಡೀ ತಡೆದುಕೊಂಡ ಒತ್ತಡಕ್ಕೆ ಇದು ಊಟದ ಹೊತ್ತಿಗೇ ಟಪ್ಪೆಂದಿತು. ಎಳೆಗಳ ಸಾಲಿನಲ್ಲೇ ಸೀಳಿತ್ತು.

ಮುಖ್ಯಸ್ಥರು ಓಡಿಬಂದರು, ಪಾದದ ಹತ್ತಿರಕ್ಕಲ್ಲ, ಕಂಪ್ಯೂಟರ್ ಪರದೆಯ ಹತ್ತಿರಕ್ಕೆ. "ನೋಡಮ್ಮ! ಮುರಿಯೋವರೆಗೂ ಸಿಗ್ನಲ್ ಒಂಚೂರೂ ತಪ್ಪಿಲ್ಲ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮುರಿದಿದ್ದೇ ಆ ಎಳೆಯಿಂದ ಸರ್! ಮನೆಗೆ ಬೆಂಕಿ ಇಟ್ಟವನೇ ಬಂದು ಸುದ್ದಿ ಹೇಳಿದ ಹಾಗಾಯ್ತು."

"ನಾಳೆ ನಾಲ್ಕು ಹೆಜ್ಜೆ ತಾನೇ? ಅಷ್ಟಕ್ಕೆಲ್ಲ ಏನೂ ಆಗಲ್ಲ."

ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಮುರಿದ ಪಾದವನ್ನು ಕೈಗೆತ್ತಿಕೊಂಡಳು.

"ಸರ್, ನಾನು ಬೀಳೋವಾಗ ಇದು ಯಾರಿಗೆ ಹೇಳುತ್ತೆ?"

"ಕಂಪ್ಯೂಟರಿಗಮ್ಮ."

"ಹಾಗಾದ್ರೆ ನಾಳೆ ಅದಕ್ಕೇ ತೊಡಿಸಿ ನಡೆಸಿ."

ತನ್ನ ಸವೆದ ಹಳೆಯ ಪಾದದ ಪಟ್ಟಿ ಬಿಗಿದುಕೊಂಡು ಎದ್ದು ನಿಂತಳು. "ಉದ್ದಕ್ಕೆ ಹಾಕಿದ ದಿನ ಕರೀರಿ, ಬರ್ತೀನಿ. ಅಕ್ಕ, ನಡಿ."

ಅವಳು ಬಾಗಿಲ ಕಡೆ ಹೊರಟಳು. ಎರಡೂ ಕಾಲು ನೆಟ್ಟಗಿದ್ದ ನಾನೇ ಅವಳ ಹಿಂದೆ ಓಡಬೇಕಾಯಿತು. ಮುಖ್ಯಸ್ಥರು ಇವತ್ತು ಮೊದಲ ಸಲ ಪರದೆ ಬಿಟ್ಟು ಅವಳ ಕಾಲು ನೋಡಿದರು.