ಆರನೇ ವರ್ಷದ ಹಲ್ಲು

ಕೋಳಿ ಫಾರಮ್ಮಿನಲ್ಲಿ ಮೊಟ್ಟೆ ವಿಂಗಡಿಸುವ ಹೆಂಗಸು ಅಂದು ಅರ್ಧ ದಿನ ರಜೆ ಹಾಕಿ, ಏಳು ತುಂಬಿದ ಮಗಳು ಗುಬ್ಬಿಯನ್ನೂ ಅತ್ತೆಯನ್ನೂ ಆರೋಗ್ಯ ಕೇಂದ್ರಕ್ಕೆ ಕರೆತಂದಿದ್ದಳು. ಕೈಯಲ್ಲಿ ನರ್ಸಮ್ಮ ವರ್ಷದ ಹಿಂದೆ ಕೊಟ್ಟ ಹಾಳೆ. ಅದರಲ್ಲಿ ದಿನಕ್ಕೆ ಎರಡು ಚೌಕದ ಮನೆ, ಹಲ್ಲುಜ್ಜಿದಾಗಲೆಲ್ಲ ಒಂದು ಗೀಟು. ಒಂದು ಮನೆಯೂ ಖಾಲಿ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಹೋಗಿ ಮಗು ಮಲಗಿದ ಮೇಲೆ ಬರುವ ಅವಳಿಗೆ ಅತ್ತೆ ಹಾಕಿಸಿದ ಆ ಗೀಟುಗಳದ್ದೇ ಧೈರ್ಯ. ಗುಬ್ಬಿಯ ಹಾಲುಹಲ್ಲು ಮೂರು ಹುಳುಕಾಗಿ ಹೋಗಿದ್ದವು. ಗಟ್ಟಿ ಹಲ್ಲಾದರೂ ಉಳಿಯಲಿ ಎಂಬುದೊಂದೇ ಆಸೆ. ತಾಯಿಯ ಬಲದವಡೆಯೇ ಬರಿದು. ಮೂವತ್ತಕ್ಕೆಲ್ಲ ಒಂದೇ ಮಗ್ಗುಲಲ್ಲಿ ಅಗಿಯುತ್ತಿದ್ದಳು.

"ಅಜ್ಜಿ, ನಿಮ್ಮಂಥೋರು ಮನೆಗೊಬ್ರು ಇದ್ರೆ ನಂಗೆ ಕೆಲಸವೇ ಇರಲ್ಲ ಬಿಡಿ," ಅಂದಳು ನರ್ಸಮ್ಮ, ಹಾಳೆ ನೋಡಿ.

"ನಂಗಿರೋದು ಎರಡೇ ಹಲ್ಲು ಕಣಮ್ಮ, ಅವೂ ಒಂದಕ್ಕೊಂದು ಮಾತು ಬಿಟ್ಟಿವೆ. ಮೊಮ್ಮಗಳದ್ದಾದ್ರೂ ನೆಟ್ಟಗಿರ್ಲಿ."

ನರ್ಸಮ್ಮ ಮಗುವಿನ ಬಾಯಿಗೆ ಟಾರ್ಚು ಹಿಡಿದಳು. ಮುಖದ ನಗು ಇಳಿಯಿತು. ಕೆಳಗೆ, ಎಡಗಡೆ ಹಿಂದೆ, ಒಂದು ಹಲ್ಲಿನ ನಡುವೆ ಕರೀ ಗುಂಡಿ.

"ಇದು ನೋಯ್ತಿತ್ತಲ್ವಾ?"

"ಎರಡು ತಿಂಗಳಿಂದ," ಅಂದಳು ಅಜ್ಜಿ. "ಹಾಲುಹಲ್ಲು ತಾನೆ, ಬೀಳೋದು ಬೀಳತ್ತೆ ಅಂತ ಸುಮ್ನಿದ್ದೆ."

"ಅಲ್ಲ ಅಜ್ಜಿ. ಆರನೇ ವರ್ಷಕ್ಕೆ, ಯಾವ ಹಲ್ಲೂ ಬೀಳದೆ, ಹಿಂದೆ ಹೊಸದಾಗಿ ಬರೋದಿದು. ಇದನ್ನ ಕಿತ್ತರೆ ಇನ್ನೊಂದು ಬರಲ್ಲ."

"ದಿನಾ ಉಜ್ಜಿದ್ದಾಳಲ್ಲ!" ತಾಯಿಯ ದನಿ ಏರಿತು.

"ಉಜ್ಜಿದ ಮೇಲೆ ಏನಾದ್ರೂ ತಿಂತಾಳಾ?"

ಅಜ್ಜಿ ಹೆಮ್ಮೆಯಿಂದಲೇ ಹೇಳಿದಳು: "ನೀವೇ ಹೇಳಿದ್ರಲ್ಲ, ಉಜ್ಜಿದ್ರೆ ಏನಾದ್ರೂ ಕೊಟ್ಟು ಖುಷಿಪಡಿಸಿ ಅಂತ. ಗೀಟಿಗೊಂದು ಪೆಪ್ಪರ್‌ಮೆಂಟು. ರಾತ್ರೀದನ್ನ ದವಡೇಲಿಟ್ಕೊಂಡೇ ಮಲಗ್ತಾಳೆ, ಬಂಗಾರ."

ನರ್ಸಮ್ಮ ಹಾಳೆಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು. "ತಪ್ಪು ನಂದೇ. ಒಂದು ಕಥೆ ಹೇಳಿ, ಒಂದು ಮುತ್ತು ಕೊಡಿ ಅನ್ನೋಕೆ ಬಾಯಿಗೇನಾಗಿತ್ತು ನಂಗೆ." ಆಮೇಲೆ ಮೆಲ್ಲಗೆ, "ಇದಂತೂ ಹೋಯ್ತು. ಇನ್ನೂ ಮೂರು ಇಂಥವೇ ಬಂದಿವೆ, ಅವಕ್ಕೂ ಬಣ್ಣ ತಿರುಗಿದೆ. ಇವತ್ತಿಂದ ಪೆಪ್ಪರ್‌ಮೆಂಟು ಬಂದ್," ಅಂದಳು.

ಗುಬ್ಬಿಯ ಆ ಹಲ್ಲು ಕೀಳಿಸಿಕೊಂಡು ಬಂದ ಮೂರನೇ ದಿನದಿಂದ ತಾಯಿಯೇ ನಸುಕಿಗೆದ್ದು ಬ್ರಶ್ಶು ಹಿಡಿದಳು.

"ಬಾಯಿ ತೆಗಿ, ಗುಬ್ಬಿ."

"ಮೊದಲು ಪೆಪ್ಪರ್‌ಮೆಂಟು."

"ಇಲ್ಲ ಅಂದ್ನಲ್ಲ."

ಗುಬ್ಬಿ ತುಟಿ ಬಿಗಿದಳು. ಕಥೆ ಹೇಳಿದ್ದಾಯಿತು, ಮುದ್ದು ಮಾಡಿದ್ದಾಯಿತು, ಬೆನ್ನಿಗೊಂದು ಬಿಟ್ಟದ್ದೂ ಆಯಿತು. ಬಾಯಿ ತೆರೆದದ್ದು ಅಳುವುದಕ್ಕೆ ಮಾತ್ರ. ಒಂಬತ್ತು ದಿನ ಹೀಗೇ ಕಳೆಯಿತು. ಎರಡು ಸಲ ಫಾರಮ್ಮಿನ ವ್ಯಾನು ತಪ್ಪಿತ್ತು, ಮೂರನೇ ಸಲ ತಪ್ಪಿದರೆ ಬರಲೇಬೇಡ ಎಂದು ಮೇಸ್ತ್ರಿ ಹೇಳಿಕಳಿಸಿದ್ದ.

ಹತ್ತನೇ ದಿನ ಹೊರಗೆ ಹಾರ್ನು ಕೇಳಿದಾಗ, ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂದಳು, "ನೀನು ಹೊರಡು ತಾಯಿ. ನಾನು ಉಜ್ಜಿಸ್ತೀನಿ."

ಹೇಗೆ ಎಂದು ಸೊಸೆ ಕೇಳಲಿಲ್ಲ. ಬ್ರಶ್ಶನ್ನು ಅತ್ತೆಯ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ವ್ಯಾನು ಹತ್ತಿದಳು.