ನೀರು ಬಿಡುವ ಗೋಡೆ

ಚಾಪೆ ಹೆಣೆಯುವವಳಿಗೆ ಕಿಂಡಿ ಕಂಡರೆ ಮೈಯೆಲ್ಲ ಉರಿಯುತ್ತದೆ. ನಲವತ್ತು ವರ್ಷ ಹೆಣೆದಿದ್ದೇನೆ. ಈ ವಾರ್ತಿನಾಳ ಚಾಪೆಯ ಮೇಲೆ ಎಳ್ಳು ಚೆಲ್ಲಿದರೂ ಒಂದು ಕಾಳು ಕೆಳಗಿಳಿಯದು ಎಂದು ಕಡಲಂಚಿನ ನಮ್ಮೂರು ಕರಾಂಗ್‌ವುಲಾನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂಥವಳ ಕಣ್ಣೆದುರೇ ನಮ್ಮೂರ ಗಂಡಸರು ಕಡಲಿಗೆ ಅಡ್ಡವಾಗಿ ಗೋಡೆ ಕಟ್ಟಿದರು. ಎರಡು ಸಾಲು ಬಿದಿರ ಗೂಟ, ನಡುವೆ ಒಣ ಕೊಂಬೆ ರೆಂಬೆ, ಅಷ್ಟೇ. ಮೈತುಂಬ ತೂತು!

ಸರ್ಕಾರದ ಗೋಡೆಯಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಇದು ನಮ್ಮ ಅಕ್ಕಿಯ ಗೋಡೆ. ನಮ್ಮಲ್ಲಿ ಪ್ರತಿ ಮನೆಯ ಬಾಗಿಲಿಗೂ ಒಂದು ತೆಂಗಿನ ಗೆರಟೆ ತೂಗುಹಾಕಿರುತ್ತದೆ. ದಿನವೂ ಅದರಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿಡಬೇಕು, ರಾತ್ರಿ ಊರು ಕಾಯುವ ಗಸ್ತಿನವರು ಬಂದು ಸುರಿದುಕೊಂಡು ಹೋಗುತ್ತಾರೆ. ಮೊದಲು ಅದು ಸಾವಿನ ಮನೆಗೆ, ಮಸೀದಿಯ ದೀಪಕ್ಕೆ ಹೋಗುತ್ತಿತ್ತು. ಮೂರು ವರ್ಷದಿಂದ ಅದನ್ನು ಮಾರಿದ ದುಡ್ಡೆಲ್ಲ ಬಿದಿರಿಗೆ ಹೋಗುತ್ತಿತ್ತು. ನನ್ನ ಗೆರಟೆ ಒಂದು ದಿನವೂ ಬರಿದಾಗಿರಲಿಲ್ಲ. ಯಾಕೆಂದರೆ ಗೋಡೆಯ ಹಿಂದೆಯೇ ಖಬರಸ್ತಾನ, ಅದರ ಕಡೆಯ ಸಾಲಿನ ಕೊನೆಯಲ್ಲಿ ನನ್ನ ಗಂಡ ಸುಕಾರ್ದಿ. ಅವರ ಮುಂದಿದ್ದ ನಾಲ್ಕು ಸಾಲು ಗೋರಿಗಳನ್ನು ಕಡಲು ಆಗಲೇ ನುಂಗಿ ನೀರು ಕುಡಿದಿತ್ತು.

ಗೋಡೆಯ ಮೇಸ್ತ್ರಿ ಪಾರ್ಮಿನ್. ಅವನ ಸೀಗಡಿ ಕೆರೆಯೂ ಮುಳುಗಿ ಹೋಗಿದೆ, ಪಾಪ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಇದೇನಯ್ಯಾ, ಗೋಡೇನೋ ಜರಡಿನೋ?"

"ಜರಡಿನೇ ಅಕ್ಕಾ. ಅಲೆ ಒಳಗೆ ನುಗ್ಲಿ ಅಂತಾನೇ ಬಿಟ್ಟಿರೋದು. ಕೊಂಬೆ ಮಧ್ಯ ನುಗ್ಗಿ ನುಗ್ಗಿ ಸುಸ್ತಾಗತ್ತೆ, ಹೊತ್ಕೊಂಡ್ ಬಂದಿರೋ ಕೆಸರನ್ನ ಈಚೆ ಇಳಿಸಿ ವಾಪಸ್ ಹೋಗತ್ತೆ. ಕೆಸರು ನಿಂತ್ರೆ ನೆಲ."

"ಓಹೋ! ಕಳ್ಳನಿಗೆ ಬಾಗ್ಲು ತೆಗೆದಿಟ್ರೆ ಏನಾದ್ರೂ ಕೊಟ್ಟು ಹೋಗ್ತಾನೆ ಅಂತೀಯ. ಚೆನ್ನಾಗಿದೆ ಕಣೋ ನಿನ್ನ ಬುದ್ಧಿ."

"ಹಿಂದೆ ಸಿಮೆಂಟ್ ಗೋಡೆ ಕಟ್ಟಿದ್ವಲ್ಲ, ಒಂದು ತೂತೂ ಇರ್ಲಿಲ್ಲ. ಈಗ ಎಲ್ಲಿದೆ ತೋರ್ಸು ನೋಡೋಣ."

ಅದು ಕಡಲಲ್ಲಿ ಬೋರಲು ಬಿದ್ದಿದೆ, ನನಗೂ ಗೊತ್ತು. ಸೀದಾ ಮನೆಗೆ ಬಂದೆ. ಅವನು ಹೇಳಿದ್ದು ತಲೆಗೆ ಹೋಗುತ್ತಿತ್ತು, ಆದರೆ ಕೈಗೆ ಹೋಗುತ್ತಿರಲಿಲ್ಲ. ತೂತಿರುವುದು ಹೇಗೆ ಕಾಯುತ್ತದೆ? ತೂತಿಲ್ಲದ್ದು ಯಾಕೆ ಬಿತ್ತು? ಯೋಚಿಸಿ ಯೋಚಿಸಿ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಆ ಗುರುವಾರ ಸಂಜೆ ಎಂದಿನಂತೆ ಹೂವು ತೆಗೆದುಕೊಂಡು ಗೋರಿಗೆ ಹೋದೆ. ತಲೆಯ ಕಡೆ ನೆಟ್ಟ ಮರದ ಗುರುತಿನ ಬುಡ ಒದ್ದೆಯಾಗಿತ್ತು. ಬದುಕಿದ್ದಾಗ ಕಾಲು ಒದ್ದೆಯಾದರೆ ಇಡೀ ಕೇರಿಗೆ ಕೇಳುವಂತೆ ಗೊಣಗುತ್ತಿದ್ದ ಮನುಷ್ಯ. ನನಗೆ ತಡೆಯಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ನೀರಿಳಿದಾಗ ಅವರ ನೇರಕ್ಕೆ ಇರುವ ಮೂರು ಮಾರು ಗೋಡೆಗೆ ಕೈ ಹಾಕಿದೆ. ಹಳೆಯ ಚಾಪೆ, ಹರಿದ ಬಲೆ, ಚಿಪ್ಪು ತುಂಬಿದ ಗೋಣಿಚೀಲ ಎಲ್ಲವನ್ನೂ ಕೊಂಬೆಗಳ ನಡುವೆ ತುರುಕಿ ಬಿಗಿಯಾಗಿ ಹೆಣೆದೆ. ಮೂರು ಬೆಳಗಿನ ಕೆಲಸ. ಪಕ್ಕದ ಮನೆಯ ಕಸ್ಮಿರಾ ಏಡಿ ಹಿಡಿಯಲು ಬಂದವಳು ನಿಂತು ನೋಡಿದಳು.

"ಭೇಷ್ ಅಕ್ಕಾ! ಗಂಡಸ್ರು ನೋಡಿ ಕಲೀಬೇಕು," ಅಂದಳು.

ನಾನು ಉಬ್ಬಿಹೋದೆ. ಒಂದು ತಿಂಗಳು ಆ ಗೋರಿಯ ಬುಡ ಒಣಗಿಯೇ ಇತ್ತು. "ಇನ್ನು ಗೊಣಗದೆ ಮಲಗಿ," ಎಂದು ಹೇಳಿ ಬಂದಿದ್ದೆ.

ಪಶ್ಚಿಮದ ಗಾಳಿ ಎದ್ದ ತಿಂಗಳಲ್ಲಿ ಎರಡು ದಿನ ಕಡಲು ಮನೆಯೊಳಗೇ ಇತ್ತು. ಮೂರನೆಯ ಬೆಳಿಗ್ಗೆ ಮೊಣಕಾಲುದ್ದದ ನೀರಲ್ಲಿ ಓಡಿದೆ. ಗೋಡೆ ಆ ತುದಿಯಿಂದ ಈ ತುದಿಯವರೆಗೆ ನಿಂತಿತ್ತು, ನನ್ನ ಮೂರು ಮಾರು ಬಿಟ್ಟು. ಅಲ್ಲಿ ಗೂಟವೂ ಇಲ್ಲ, ಚಾಪೆಯೂ ಇಲ್ಲ. ಅದರ ಹಿಂದೆ ನೆಲವಿರಲಿಲ್ಲ, ಗೋರಿಯಿರಲಿಲ್ಲ, ನೀರು ಸುತ್ತುತ್ತಿತ್ತು. ನಾನೇ ಕೈಯಾರೆ ಅವರನ್ನು ಕಡಲಿಗೆ ಕೊಟ್ಟಿದ್ದೆ.

ಪಾರ್ಮಿನ್ ಹತ್ತಿರ ಬಂದ. ಅವನ ಕೈಯಲ್ಲಿ ನನ್ನ ಚಾಪೆಯ ತುಂಡಿತ್ತು. ನನ್ನ ಹೆಣಿಗೆ ಯಾರಿಗೆ ಗೊತ್ತಾಗದು!

"ಬೈಯೋ, ಬೈದುಬಿಡು," ಅಂದೆ.

"ಅಲೆಗೆ ದಾರಿ ಸಿಗ್ಲಿಲ್ಲ ಅಕ್ಕಾ, ಗೋಡೆನೇ ಕಿತ್ಕೊಂಡು ಬಂತು," ಅಂದ. ಅಷ್ಟೇ ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ನನ್ನನ್ನು ಪಕ್ಕದ ತುಂಡಿಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಈಚೆಗೆ ಹೊಸ ಕೆಸರು ಮೊಣಕಾಲೆತ್ತರ ನಿಂತಿತ್ತು. ಕೊಂಬೆಗಳ ನಡುವೆ ಒಂದು ಮರದ ತುಂಡು ಸಿಕ್ಕಿಕೊಂಡಿತ್ತು. ಎಳೆದು ಕೊಟ್ಟ. ಸುಕಾರ್ದಿಯ ಗುರುತು, ಹೆಸರು ಇನ್ನೂ ಓದುವ ಹಾಗಿತ್ತು. ನಾನು ಉಗಿದು ಬೈದಿದ್ದ ಜರಡಿ ಅದನ್ನು ಹಿಡಿದಿಟ್ಟಿತ್ತು.

"ಎಲ್ಲಿ ನೆಡೋಣ ಅಕ್ಕಾ?"

ಅವರು ಮಲಗಿದ್ದ ಜಾಗದಲ್ಲಿ ನೀರಿದೆ. ಅಲ್ಲಿಯ ಮಣ್ಣು ಕರಗಿ ಇಲ್ಲಿ ಬಂದು ಕೂತಿರಬಹುದು, ಕಡಲಿಗೂ ಹೋಗಿರಬಹುದು. ಅವರಿಗಾಗಿ ಫಾತಿಹಾ ಪ್ರಾರ್ಥನೆ ಓದಬೇಕಾದರೆ ಯಾವ ಕಡೆ ನಿಲ್ಲಲಿ?

"ಗೊತ್ತಿಲ್ಲ ಕಣಪ್ಪಾ," ಅಂದೆ. ಜೋರಾಗಿ ಅತ್ತುಬಿಟ್ಟೆ.

ಕಡೆಗೆ ಆ ಹೊಸ ಕೆಸರಿನಲ್ಲೇ ಅದನ್ನು ಒತ್ತಿ ನಿಲ್ಲಿಸಿದೆ. ಅವರು ಅದರ ಕೆಳಗಿದ್ದಾರೋ ಇಲ್ಲವೋ, ಈಗಲೂ ತಿಳಿಯದು.

ಗಂಡಸರು ಮುರಿದ ಜಾಗಕ್ಕೆ ಬಿದಿರು ಹೊತ್ತು ತಂದರು. ಮತ್ತೆ ಊರಿನ ಅಕ್ಕಿಯೇ. ನಾನು ಉಟ್ಟ ಬಟ್ಟೆ ಎತ್ತಿ ಕಟ್ಟಿ ನೀರಿಗಿಳಿದೆ.

"ಪಾರ್ಮಿನ್, ಕಿಂಡಿ ಎಷ್ಟಗಲ ಬಿಡ್ಲಿ?"

"ನಿನ್ನ ಕೈ ಹೋಗೋಷ್ಟು ಬಿಡು ಸಾಕು."

ಕೊಂಬೆ ಜೋಡಿಸಲು ಶುರು ಮಾಡಿದೆ. ಕೈ ತನ್ನಷ್ಟಕ್ಕೆ ತಾನೇ ಮುಚ್ಚಲು ಹೋಗುತ್ತಿತ್ತು. ಒಂದು ಕೈಯಿಂದ ಇನ್ನೊಂದಕ್ಕೆ ಹೊಡೆದು ಹೊಡೆದು ಕಿಂಡಿ ಬಿಡುತ್ತಾ ಹೋದೆ.